ಆಮ್ಲದ ಟ್ಯಾಂಕಿಗೆ ಚರಗ ಚೆಲ್ಲಿದ ವರ್ಷ

ನಾನು ಕೆಲಸದಿಂದ ನಿವೃತ್ತನಾಗಿ ಬಂದ ಮೇಲೂ ನನ್ನ ಜಾಗಕ್ಕೆ ಸೇರಿದ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಮಲ್ಲಣ್ಣ, ಟ್ಯಾಂಕ್ ಹಿಂಗ್ಯಾಕ ಮಾಡಾಕತ್ತದ?" ಎಂದು ಕೇಳುತ್ತಾರೆ. ಅವರೆಲ್ಲ ಡಿಪ್ಲೊಮಾ ಓದಿದವರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅವರು ಕೇಳುವುದಕ್ಕೆಲ್ಲ ಉತ್ತರ ಅವರ ಪುಸ್ತಕದಲ್ಲಿಯೇ ಇದೆ, ಹುಡುಕಿಕೊಳ್ಳಲಿ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದಿಡೋಣವೆಂದು ಈಗ ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುವಾಗ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಬರುವುದಿಲ್ಲ. ಆ ಶಾಲನ್ನು ನನ್ನ ಹೆಂಡತಿ ನೀಲಮ್ಮ ಶಾವಿಗೆ ಒಣಗಿಸಲು ಹಾಸುತ್ತಾಳೆ.

ನಮ್ಮ ಕಾರ್ಖಾನೆ ಜೇವರ್ಗಿ ದಾಟಿ ಹೆದ್ದಾರಿಯ ಪಕ್ಕಕ್ಕಿತ್ತು. ಆಳಂದ, ಅಫಜಲಪುರ ಕಡೆಯ ಕಬ್ಬಿನ ಸಕ್ಕರೆಯನ್ನು ನೀರಲ್ಲಿ ಕರಗಿಸಿ, ಅದರಲ್ಲಿ ಜೀವಾಣುಗಳನ್ನು ಬಿಟ್ಟು, ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತಿದ್ದೆವು. ಮೊಸರಿಗೆ ಹುಳಿ ಬರುವುದು ಆ ಆಮ್ಲದಿಂದಲೇ. ಇಷ್ಟು ಗೊತ್ತಾದದ್ದೇ ತಡ, ನನ್ನೂರಿನ ಜನ ನಮ್ಮದಕ್ಕೆ ಮೊಸರಿನ ಫ್ಯಾಕ್ಟರಿ ಎಂದು ಹೆಸರಿಟ್ಟುಬಿಟ್ಟರು. ಮದುವೆ ಮನೆಯಲ್ಲಿ ಮಜ್ಜಿಗೆ ಹುಳಿಯಾದರೆ ಪಂಕ್ತಿಯೆಲ್ಲ ನನ್ನ ಕಡೆ ನೋಡುತ್ತಿತ್ತು. "ಮಲ್ಲಣ್ಣ, ಇದು ನಿಮ್ಮ ಫ್ಯಾಕ್ಟರೀದೇನು?"

ಅದಕ್ಕೂ ಮೊದಲು ನಾನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕುದಿಸುವ ಕಡೆ ಇದ್ದೆ. ಅಲ್ಲಿ ಕೆಲಸ ಕಬ್ಬು ಇರುವತನಕ ಮಾತ್ರ. ಸೀಜನ್ ಮುಗಿದ ದಿನ ಗೇಟಿನಲ್ಲಿ ಸಲಾಂ ಹೊಡೆದು ಮನೆಗೆ ಬರಬೇಕು. ಮುಂದಿನ ಸಲ ಕರೆಯುತ್ತಾರೋ ಇಲ್ಲವೋ ಎಂದು ಬೇಸಿಗೆಯಿಡೀ ಕಟ್ಟೆಯ ಮೇಲೆ ಕೂತು ದಾರಿ ಕಾಯಬೇಕು. ಆಮ್ಲದ ಕೆಲಸ ವರ್ಷವಿಡೀ ಇರುತ್ತದೆಂದು ಕೇಳಿಯೇ ನಾನು ಇಲ್ಲಿಗೆ ಬಂದದ್ದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದವರು ಮ್ಯಾನೇಜರ್ ದೇಸಾಯಿ ಸಾಹೇಬರು. ವಿಜಯಪುರ ಕಡೆಯವರು, ಗಂಜಿ ಹಾಕಿದ ಬಿಳಿ ಅಂಗಿ, ಎತ್ತರದ ಧ್ವನಿ. "ಇಲ್ಲಿ ಕೆಲಸ ಮಾಡೋರು ನೀವಲ್ಲ. ಟ್ಯಾಂಕಿನಾಗಿನ ಜೀವಾಣು ಕೆಲಸ ಮಾಡ್ತಾವ. ನೀವು ಅವುಕ್ಕ ಆಳು. ಅವುಕ್ಕ ಬಿಸಿ ಬೇಕಂದ್ರ ಬಿಸಿ ಕೊಡ್ರಿ, ಊಟ ಬೇಕಂದ್ರ ಊಟ ಕೊಡ್ರಿ. ಅವುಕ್ಕ ಹೊರಗಿನ ಬೀಗರು ಮಾತ್ರ ಬ್ಯಾಡ."

ನನ್ನ ಪಕ್ಕ ನಿಂತಿದ್ದ ಖಾಜಾ ಭಾಯಿ ಮೆಲ್ಲಗೆ ಹೇಳಿದ. "ಯಾ ಅಲ್ಲಾ, ಕಣ್ಣಿಗೆ ಕಾಣದ ಸಾಹುಕಾರರ ಮನ್ಯಾಗ ಚಾಕರಿ ಸಿಕ್ತಲ್ಲೋ ಮಲ್ಲಣ್ಣ!"

ಅವತ್ತಿನಿಂದ ನಾವಿಬ್ಬರೂ ಕೊನೆಯವರೆಗೆ ಟ್ಯಾಂಕ್ ಹೌಸಿನಲ್ಲಿ ಜೋಡಿಯಾಗಿದ್ದೆವು. ಖಾಜಾ ಭಾಯಿ ಆ ಜೀವಾಣುಗಳನ್ನು "ನಮ್ಮ ಮಂದಿ" ಎನ್ನುತ್ತಿದ್ದ. ಮುಂಜಾನೆ ಪಾಳಿಗೆ ಬಂದವನೇ ಟ್ಯಾಂಕಿನ ಹೊಟ್ಟೆಗೆ ಕೈ ಇಟ್ಟು ಬಿಸಿ ನೋಡಿ, "ಮಂದಿ ಎದ್ದಾರ್ರೀ" ಎಂದು ವರದಿ ಕೊಡುತ್ತಿದ್ದ. ಗೋಡೆಯ ಮೇಲೆ ಉಷ್ಣತೆ ತೋರಿಸುವ ಗಡಿಯಾರವಿತ್ತು, ಅವನು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಈಗ ಈ ಆಮ್ಲದ ಒಂದು ಗುಟ್ಟು ಹೇಳಬೇಕು. ಲ್ಯಾಕ್ಟಿಕ್ ಆಮ್ಲದಲ್ಲಿ ಎರಡು ಜಾತಿ ಇವೆ. ತೂಕ ಒಂದೇ, ಹುಳಿ ಒಂದೇ, ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ಇನ್ನೊಂದರ ಕನ್ನಡಿಯ ಬಿಂಬ. ನಮ್ಮ ಮೈಯೊಳಗೆ ಹುಟ್ಟುವುದು, ಮೈಗೆ ಒಗ್ಗುವುದು ಬಹುಪಾಲು ಒಂದೇ ಬಗೆಯದು. ಬೆಲೆಯಿದ್ದದ್ದೂ ಅದಕ್ಕೇ. ರಾಸಾಯನಿಕವಾಗಿ ಮಾಡಿದರೆ ಎರಡೂ ಸಮಸಮ ಕೂಡಿ ಬರುತ್ತವೆ. ಸರಿಯಾದ ಜೀವಾಣುವಿನ ಕೈಯಲ್ಲಿ ಮಾಡಿಸಿದರೆ ಬೇಕಾದ ಒಂದೇ ಬರುತ್ತದೆ. ಅದಕ್ಕೇ ನಾವು ಅವುಗಳ ಆಳುಗಳಾದದ್ದು.

ದೇಸಾಯಿ ಸಾಹೇಬರು ಇದನ್ನು ಕೈಗವಸು ತೋರಿಸಿ ವಿವರಿಸಿದರು. ಕನ್ನಡಿ ತರಿಸಿ ವಿವರಿಸಿದರು. ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದು ಘತ್ತರಗಿಯಲ್ಲಿ. ನೀಲಮ್ಮನ ಜೊತೆ ಭಾಗ್ಯವಂತಿಯ ದರ್ಶನ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ನನ್ನ ಬಲಗಾಲಿನ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋಗಿದ್ದಾರೆ. ಅದರ ಜಾಗದಲ್ಲಿ ಅದೇ ಬಣ್ಣದ, ಅದೇ ಅಳತೆಯ ಎಡಗಾಲಿನದೊಂದು ಬಿದ್ದಿದೆ. ಎರಡು ಎಡಗಾಲು ಮೆಟ್ಟಿಕೊಂಡು ಹೊಳೆಯ ದಂಡೆಯಿಂದ ಬಸ್ಸಿನತನಕ ನಡೆದೆ. ಬಲಗಾಲಿನ ಕಿರುಬೆರಳು ಹೊರಗೆ ಉಳಿದು, ಹಿಮ್ಮಡಿ ಒಳಗೆ ತಿರುಗಿ, ಏನು ನಡೆದೆನೋ ಏನೋ! ನೀಲಮ್ಮ ಸೆರಗು ಬಾಯಿಗಿಟ್ಟು ನಗುತ್ತ ನಡೆದಳು. ಬಸ್ಸಿನಲ್ಲಿ ಕೂತಾಗ ಥಟ್ಟನೆ ತಿಳಿಯಿತು: ಎಲ್ಲ ಸರಿಯಿದ್ದೂ ಕಾಲಿಗೆ ಕೂಡದ್ದು ಎಂದರೆ ಇದೇ! ಮರುದಿನ ಸಾಹೇಬರಿಗೆ ಹೇಳಿದೆ. ಅವರು ತುಂಬ ನಕ್ಕರು. ಆಮೇಲೆ ನಮ್ಮಲ್ಲಿ ಬೇಕಾದ ಜಾತಿಗೆ ಬಲಗಾಲು, ಬೇಡವಾದದ್ದಕ್ಕೆ ಎಡಗಾಲು ಎಂದೇ ಹೆಸರಾಯಿತು. ಹುಡುಗರೇ, ನೀವೀಗ ಅದೇ ಹೆಸರು ಹೇಳುತ್ತೀರಿ. ಅದು ಘತ್ತರಗಿಯಲ್ಲಿ ಕಳೆದ ಚಪ್ಪಲಿಯಿಂದ ಬಂತು ಎಂಬುದು ತಿಳಿದಿರಲಿ.

ಇನ್ನು ಎಡವಟ್ಟುಗಳು. ಜೀವಾಣು ಆಮ್ಲ ಮಾಡುತ್ತ ಹೋದಂತೆ ಆ ಹುಳಿಯಲ್ಲಿ ತಾನೇ ಸೊರಗುತ್ತದೆ. ಆದ್ದರಿಂದ ಸುಣ್ಣದ ಕಲ್ಲಿನ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಹುಳಿ ಮುರಿಯಬೇಕು. ಒಂದು ಮಧ್ಯಾಹ್ನ ಕ್ರಿಕೆಟ್ ಮ್ಯಾಚ್ ಇತ್ತು. ಖಾಜಾ ಭಾಯಿ, ಸ್ವಲ್ಪ ಸ್ವಲ್ಪ ಹಾಕುತ್ತ ಕೂತರೆ ಆಟ ಮುಗಿಯುತ್ತದೆಂದು ಇಡೀ ಪಾಳಿಯ ಸುಣ್ಣವನ್ನು ಒಂದೇ ಸಲಕ್ಕೆ ಬಿಟ್ಟ. ಸುಣ್ಣ ಆಮ್ಲ ಕೂಡಿದರೆ ಗಾಳಿ ಏಳುತ್ತದೆ. ಟ್ಯಾಂಕಿನ ಮೇಲಿನ ಕೊಳವೆಯಿಂದ ನೊರೆ ಎದ್ದು, ಏಣಿಯ ಮೆಟ್ಟಿಲು ಇಳಿದು, ಬಾಗಿಲಿನತನಕ ಬಂತು. ಅದೇ ಹೊತ್ತಿಗೆ ಬಿಳಿ ಅಂಗಿಯ ದೇಸಾಯಿ ಸಾಹೇಬರು ಒಳಗೆ ಕಾಲಿಟ್ಟರು. ಮೊಣಕಾಲ ಮಟ್ಟ ನೊರೆ.

"ಏನಿದು ಖಾಜಾ?"

"ಹಾಲು ಉಕ್ಕೇದ್ರಿ ಸಾಹೇಬ್. ಮನಿ ತುಂಬಿಸಿಕೊಂಡಂಗ ಆತು, ಭಾಳ ಶುಭ."

ಸಾಹೇಬರು ಬೈಯಲು ಬಾಯಿ ತೆರೆದು, ನಕ್ಕುಬಿಟ್ಟರು. ಆದರೆ ಆ ದಿನ ನೊರೆ ಬಳಿದು ನೆಲ ತೊಳೆಯುವವರೆಗೆ ಯಾರಿಗೂ ಮ್ಯಾಚ್ ಇರಲಿಲ್ಲ. ಅವರಲ್ಲಿ ಆ ಗುಣವಿತ್ತು. ನಗುವುದನ್ನೂ ನಕ್ಕು ದುಡಿಸುವುದನ್ನೂ ದುಡಿಸುತ್ತಿದ್ದರು.

ನಾವು ಶುರುಮಾಡಿದಾಗ ಮೂಗೇ ನಮ್ಮ ಯಂತ್ರ. ಟ್ಯಾಂಕಿನ ವಾಸನೆ ಬೇಯಿಸಿದ ಸಕ್ಕರೆಯಂತಿದ್ದರೆ ಸರಿ, ಬೇರೆಯಾದರೆ ಗಡಿಬಿಡಿ. ಆದರೆ ಎಡಗಾಲು ಬಲಗಾಲು ಮೂಗಿಗೆ ತಿಳಿಯುವುದಿಲ್ಲ. ಆಮೇಲೆ ಕಲಬುರಗಿಯಿಂದ ಸುಜಾತಾ ಮೇಡಂ ಪ್ರಯೋಗಾಲಯಕ್ಕೆ ಬಂದರು. ಅವರು ಆಮ್ಲವನ್ನು ಸತುವಿನ ಉಪ್ಪಾಗಿಸಿ, ಉದ್ದನೆಯ ಗಾಜಿನ ನಳಿಗೆಗೆ ತುಂಬಿ, ಅದರೊಳಗೆ ಬೆಳಕು ಹಾಯಿಸಿ ನೋಡುತ್ತಿದ್ದರು. ಒಂದೇ ಜಾತಿಯಾದರೆ ಬೆಳಕು ಸರಿಯಾಗಿ ಒಂದು ಕಡೆ ತಿರುಗುತ್ತದೆ. ಇನ್ನೊಂದು ಬೆರೆತರೆ ತಿರುಗುವುದು ಕಡಿಮೆಯಾಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ನೋಡಲೂ ಅಂಥದೇ ನಳಿಗೆ ಇತ್ತು. ಹೀಗಾಗಿ ನನಗೆ ಅದರ ಮುಖಪರಿಚಯವಿತ್ತು. ಈಗಿನ ಯಂತ್ರ ಪರದೆಯ ಮೇಲೆ ಎರಡು ಜಾತಿಯನ್ನು ಎರಡು ಗುಡ್ಡವಾಗಿ ತೋರಿಸುತ್ತದೆ, ಮಗುವಿಗೂ ತಿಳಿಯುತ್ತದೆ. ಒಳ್ಳೆಯದೇ. ಹಳೆಯದೇ ಚೆನ್ನಾಗಿತ್ತು ಎನ್ನುವ ಮುದುಕ ನಾನಲ್ಲ.

ಇನ್ನು ಆ ವರ್ಷದ ಕತೆ. ಹೊಸಬರು ಟ್ಯಾಂಕ್ ಹೌಸಿನ ಬಾಗಿಲಲ್ಲಿ ಬರೆದಿರುವ "ಅಂಬಲಿ ಹೊರಗೆ" ಎಂಬ ಬೋರ್ಡ್ ನೋಡಿ ನಗುತ್ತಾರಂತೆ. ಅದು ಅಲ್ಲಿಗೆ ಹೇಗೆ ಬಂತೆಂದು ತಿಳಿಯಲಿ.

ಆಗ ನಮಗೊಬ್ಬ ದೊಡ್ಡ ಗಿರಾಕಿ ಸಿಕ್ಕಿದ್ದ. ಆಪರೇಷನ್ ಮಾಡಿದ ಮೇಲೆ ಹೊಲಿಯುವ ದಾರ, ಮೈಯೊಳಗೇ ಕರಗಿಹೋಗುವ ದಾರ, ಅದನ್ನು ತಯಾರಿಸುವ ಕಂಪನಿ. ಅವರಿಗೆ ಬಲಗಾಲು ಮಾತ್ರ ಬೇಕು, ಎಡಗಾಲಿನ ಸೋಂಕೂ ಆಗದು. ಹಿಂದಿನ ಸರಕಿನಲ್ಲಿ ಕೊಂಚ ಬೆರಕೆ ಕಂಡಿತ್ತು. ಇನ್ನೊಂದು ಸಲ ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿಬಿಟ್ಟರು. ಮಾಲೀಕರು ದೇಸಾಯಿ ಸಾಹೇಬರಿಗೆ ಇನ್ನೂ ಸೀದಾ ಹೇಳಿದರು: ಈ ಗಿರಾಕಿ ಹೋದರೆ ಆಮ್ಲದ ವಿಭಾಗಕ್ಕೆ ಬೀಗ. ನಾವೆಲ್ಲ ಮತ್ತೆ ಸೀಜನ್ ಕೆಲಸಕ್ಕೆ, ಮತ್ತೆ ಬೇಸಿಗೆಯ ಕಟ್ಟೆಗೆ. ಟ್ಯಾಂಕ್ ಹೌಸಿನ ಮುಖ್ಯಸ್ಥ ನಾನು. ಬೆರಕೆ ಎಂಬ ಮಾತು ಬಂದರೆ ಬೆರಳು ಮೊದಲು ನನ್ನತ್ತಲೇ ತಿರುಗುತ್ತಿತ್ತು. ನನ್ನ ಕೆಲಸಕ್ಕೆ ಯಾರೂ ಹೆಸರಿಡಬಾರದು ಎಂಬ ಹಟ ನನ್ನದು, ಇವತ್ತಿಗೂ ಇದೆ.

ಮುಂದಿನ ಸರಕಿಗೆ ಹೆಪ್ಪು ಹಾಕುವ ದಿನ, ಗ್ರಹಚಾರ ನೋಡಿ, ಎಳ್ಳ ಅಮಾವಾಸ್ಯೆಯಂದೇ ಬಂತು. ಟ್ಯಾಂಕಿಗೆ ಜೀವಾಣು ಬಿಡುವುದಕ್ಕೆ ನಾವು ಹೆಪ್ಪು ಹಾಕುವುದು ಎನ್ನುತ್ತಿದ್ದೆವು. ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಭಾಗದಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಹೋಳಿಗೆ, ಮಜ್ಜಿಗೆ ಬೆರೆಸಿ ಹುಳಿ ಬರಿಸಿದ ಜೋಳದ ಅಂಬಲಿ. ಬೆಳೆಯ ಸುತ್ತ ತಿರುಗುತ್ತ ಅದನ್ನೆಲ್ಲ ಭೂತಾಯಿಗೆ ಎರಚುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಅವತ್ತು ರಜೆ ಕೊಡಬೇಕೆಂದು ನಾವೆಲ್ಲ ಸಾಹೇಬರ ಮುಂದೆ ನಿಂತೆವು.

"ರಜಾ ಹೆಂಗ ಕೊಡ್ಲಿ? ಸರಕು ಹೊತ್ತಿಗೆ ಹೋಗಬೇಕು," ಎಂದರು. ನಮ್ಮ ಮುಖ ನೋಡಿ ಅವರಿಗೇ ಕೆಡುಕೆನಿಸಿತು. "ಹಿಂಗ ಮಾಡೋಣ. ನಮ್ಮ ಹೊಲ ಇದೇ, ಈ ಟ್ಯಾಂಕ್ ಹೌಸ್. ಬುತ್ತಿ ಇಲ್ಲಿಗೇ ತರಸ್ರಿ. ಚರಗ ನಾನೇ ಚೆಲ್ತೇನಿ," ಎಂದರು.

ಎಲ್ಲರೂ ಹೋ ಎಂದರು. ಸುಜಾತಾ ಮೇಡಂಗೆ ಮಾತ್ರ ರಜೆ ಸಿಕ್ಕಿತು. ಅವರು ಹೆಪ್ಪಿನ ಡಬ್ಬಿ ಸಿದ್ಧಮಾಡಿ ಕೊಟ್ಟು ತಮ್ಮ ಹೊಲಕ್ಕೆ ಹೋದರು.

ಅಮಾವಾಸ್ಯೆಯ ದಿನ ನೀಲಮ್ಮ ಮತ್ತು ಇತರ ಮನೆಗಳವರು ಬುಟ್ಟಿ ಹೊತ್ತು ಬಂದರು. ಟ್ಯಾಂಕನ್ನು ಉಗಿಯಿಂದ ಬೇಯಿಸಿ ಆರಿಸಿ, ಸಕ್ಕರೆ ನೀರು ತುಂಬಿ ಇಟ್ಟಿದ್ದೆವು. ಟ್ಯಾಂಕಿನ ನೆತ್ತಿಯಲ್ಲಿರುವ ಹೆಪ್ಪು ಹಾಕುವ ಬಾಯಿಯ ಸುತ್ತ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಆ ಉರಿಯ ನಡುವೆಯೇ ಸುರಿಯಬೇಕು. ಗಾಳಿಯಲ್ಲಿನ ಬೇರೆ ಜೀವ ಒಳಗೆ ನುಗ್ಗದಿರಲಿ ಎಂದು. ಖಾಜಾ ಭಾಯಿ ಬೆಂಕಿ ಹಚ್ಚಿದ. ನಾನು ಮುಚ್ಚಳ ತೆಗೆದು ಡಬ್ಬಿ ಎತ್ತಿದೆ. ಅದೇ ಮುಹೂರ್ತಕ್ಕೆ ಕಾದಿದ್ದ ದೇಸಾಯಿ ಸಾಹೇಬರು ತಲೆಗೆ ಟವೆಲ್ ಸುತ್ತಿಕೊಂಡು, ಅಂಬಲಿಯ ತಂಬಿಗೆ ಹಿಡಿದು, ಹೊಲದಲ್ಲಿ ಕೂಗುವಂತೆಯೇ ಕೂಗುತ್ತ ಟ್ಯಾಂಕಿನ ಸುತ್ತ ಚರಗ ಚೆಲ್ಲಿದರು. ಏನು ಉಮೇದು! ಒಂದು ಬೊಗಸೆ ಮೇಲಕ್ಕೂ ಹಾರಿತು. ಉರಿ ಒಂದು ಕಡೆ ಚುರ್ರೆಂದು ಆರಿತು.

"ಅಗ್ನಿದೇವಗೂ ಮುಟ್ತು," ಎಂದು ಸಾಹೇಬರು ಕೈಮುಗಿದರು. ನಾವೂ ಮುಗಿದೆವು. ಖಾಜಾ ಭಾಯಿ ಮತ್ತೆ ಹಚ್ಚಿದ. ಹೆಪ್ಪು ಸುರಿದಾಯಿತು. ಹೊರಗೆ ಬೇವಿನ ಮರದ ಕೆಳಗೆ ಉಂಡೆವು. ಅಂಥ ಭಜ್ಜಿಯನ್ನು ನಾನು ಮತ್ತೆ ಉಂಡಿಲ್ಲ.

ಟ್ಯಾಂಕ್ ಹೌಸಿನೊಳಗೆ ಊಟದ ಡಬ್ಬಿ ತರಬಾರದೆಂಬ ನಿಯಮ ಆಗಲೂ ಇತ್ತು, ನಾವು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೆವು. ಆದರೆ ಚರಗವನ್ನು ಯಾರು ಊಟವೆಂದು ಎಣಿಸುತ್ತಾರೆ? ಅದು ಪೂಜೆ. ಅಲ್ಲಿದ್ದ ಒಬ್ಬರಿಗೂ ಬೇರೆ ವಿಚಾರ ಬರಲಿಲ್ಲ.

ಟ್ಯಾಂಕು ಚೆನ್ನಾಗಿಯೇ ನಡೆಯಿತು. ಹುಳಿ ಬೇಗ ಬಂತು, "ಭೂತಾಯಿ ಒಪ್ಪಿಕೊಂಡಾಳ" ಎಂದುಕೊಂಡೆವು. ಕೊನೆಗೆ ಸುಜಾತಾ ಮೇಡಂ ನಳಿಗೆಯಲ್ಲಿ ನೋಡಿದರು. ಮತ್ತೆ ತುಂಬಿ ನೋಡಿದರು. ಬೆಳಕು ತಿರುಗಬೇಕಾದಷ್ಟು ತಿರುಗಿರಲಿಲ್ಲ. ಎಡಗಾಲು ಧಾರಾಳವಾಗಿ ಬೆರೆತಿತ್ತು.

ದೇಸಾಯಿ ಸಾಹೇಬರು ಟ್ಯಾಂಕ್ ಹೌಸಿಗೆ ಬಂದಾಗ ಮುಖ ಕೆಂಪಗಾಗಿತ್ತು. "ಮಲ್ಲಣ್ಣ, ಇದು ನಿಮ್ಮ ಮನಿ. ನಿಮ್ಮ ಮನ್ಯಾಗ ಯಾರು ನುಗ್ಗಿದ್ರು ಹೇಳ್ರಿ," ಎಂದರು. ನನಗೆ ನೆಲ ಬಿರಿಯಬಾರದೇ ಎನಿಸಿತು. ಗ್ಯಾಸ್ಕೆಟ್ ಬಿಚ್ಚಿ ನೋಡಿದೆ, ಸರಿಯಿತ್ತು. ಉಗಿಯ ವಾಲ್ವ್ ಬಿಚ್ಚಿದೆ, ಸರಿಯಿತ್ತು. ಕೊಳವೆಯ ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದೆ. ಎಲ್ಲೂ ಇಲ್ಲ. ಖಾಜಾ ಭಾಯಿ ಮೊದಲ ಸಲ ಜೋಕು ನಿಲ್ಲಿಸಿದ.

ಅಷ್ಟರಲ್ಲಿ ಸುಜಾತಾ ಮೇಡಂ ಟ್ಯಾಂಕಿನ ಹನಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ತಂದರು. ನಮ್ಮ ಜೀವಾಣುವಿನ ಚುಕ್ಕೆಗಳ ನಡುವೆ ಬೇರೆ ಆಕಾರದ ಚುಕ್ಕೆಗಳಿದ್ದವು. "ಇವು ಹೊರಗಿನವು. ಹುಳಿ ಹಿಟ್ಟು, ಮಜ್ಜಿಗಿ, ಸೊಪ್ಪು, ಇಂಥದ್ರಾಗ ಇರ್ತಾವ. ಇವು ಎಡಗಾಲು ಬಲಗಾಲು ಎರಡೂ ಮಾಡ್ತಾವ," ಎಂದರು.

ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಯಾರ್ರೀ ಅದು? ಟ್ಯಾಂಕಿನ ಹತ್ರ ಮಜ್ಜಿಗಿ ತಂದೋರು ಯಾರು? ಖರೇ ಹೇಳ್ರಿ, ನಾ ಯಾರನ್ನೂ ಬಿಡಂಗಿಲ್ಲ!"

ಒಬ್ಬೊಬ್ಬರಾಗಿ ಎಲ್ಲರಿಗೂ ಹೊಳೆಯತೊಡಗಿತ್ತು. ನಾನು ಕಾಲಿನ ಬೆರಳು ನೋಡುತ್ತ ನಿಂತೆ. ಕೊನೆಗೆ ಖಾಜಾ ಭಾಯಿ ಒಂದು ಹೆಜ್ಜೆ ಮುಂದೆ ಬಂದ.

"ಸಾಹೇಬ್, ಮಾಫ್ ಮಾಡ್ರಿ. ಅಗ್ನಿದೇವಗ ಅಂಬಲಿ ಮುಟ್ಟಿಸಿದ್ದು ನೀವಲ್ಲೇನ್ರಿ?"

ಸುಜಾತಾ ಮೇಡಂ, "ಏನಂದ್ರಿ? ಅಂಬಲಿ? ಹೆಪ್ಪು ಹಾಕುವಾಗ?" ಎಂದರು. ನಾವು ನಡೆದದ್ದನ್ನು ಹೇಳಿದೆವು. ಮೇಡಂ ತಟ್ಟೆಯನ್ನು ನೋಡಿದರು, ಸಾಹೇಬರನ್ನು ನೋಡಿದರು. ನಗು ತಡೆಯಲು ತುಟಿ ಕಚ್ಚಿಕೊಂಡರು. "ನಾನು ನಮ್ಮ ಹೊಲದಾಗ ಚೆಲ್ಲೇನ್ರಿ ಸರ್. ನೀವು ಟ್ಯಾಂಕಿನಾಗ ಚೆಲ್ಲೀರಿ."

ಬೇರೆ ಮ್ಯಾನೇಜರ್ ಆಗಿದ್ದರೆ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಇವರು ನನ್ನ ಹತ್ತಿರ ಬಂದು, "ಮಲ್ಲಣ್ಣ, ನಿಮ್ಮ ಮನಿಗೆ ನುಗ್ಗಿದಾವ ನಾನೇ," ಎಂದರು. ಆಮೇಲೆ ಎಲ್ಲರ ಎದುರಿಗೇ ಗಿರಾಕಿಗೆ ಫೋನ್ ಮಾಡಿ, ಈ ಟ್ಯಾಂಕು ಕಳಿಸುವುದಿಲ್ಲ, ತಪ್ಪು ತನ್ನದು, ಇನ್ನೊಂದು ಟ್ಯಾಂಕಿಗೆ ಅವಕಾಶ ಕೊಡಿ ಎಂದು ಕೇಳಿದರು. ಆ ಕಡೆಯಿಂದ ಏನೆಂದರೋ ಕೇಳಿಸಲಿಲ್ಲ. ಫೋನ್ ಇಟ್ಟು, "ಒಂದೇ ಟ್ಯಾಂಕ್. ಇದೂ ಕೆಟ್ರ ಬೀಗ," ಎಂದರು.

ಆ ಟ್ಯಾಂಕಿಗೆ ನಾವು ಮಾಡಿದ ಚಾಕರಿಯನ್ನು ಬೀಗರಿಗೂ ಯಾರೂ ಮಾಡಿರಲಿಕ್ಕಿಲ್ಲ. ಒಳಗೆ ಇಳಿದು ತಿಕ್ಕಿದೆವು. ಉಗಿ ಕೊಟ್ಟು, ಆರಿಸಿ, ಮತ್ತೆ ಉಗಿ ಕೊಟ್ಟೆವು. ಮನೆಯಿಂದ ತೊಟ್ಟು ಬಂದ ಬಟ್ಟೆ ಗೇಟಿನ ಕೋಣೆಯಲ್ಲಿ ಬಿಟ್ಟು, ಸ್ನಾನ ಮಾಡಿ, ಕಾರ್ಖಾನೆಯ ಅಂಗಿ ತೊಟ್ಟು ಒಳಗೆ ಹೋಗುವ ಪದ್ಧತಿ ಬಂದದ್ದು ಆಗಲೇ. ನಾನು ಮನೆಯಲ್ಲಿ ಮಜ್ಜಿಗೆ ಮುಟ್ಟುವುದನ್ನೇ ಬಿಟ್ಟೆ. "ಹೊಟ್ಯಾಗಿಂದೇನು ಹಾರಿ ಟ್ಯಾಂಕಿಗೆ ಬೀಳ್ತದೇನ್ರಿ?" ಎಂದು ನೀಲಮ್ಮ ಗೊಣಗಿದಳು. ಬೀಳುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೂ ಕುಡಿಯಲಿಲ್ಲ. ಹೆಪ್ಪು ಹಾಕುವ ದಿನ ದೇಸಾಯಿ ಸಾಹೇಬರು ಬಾಗಿಲ ಹೊರಗೆ ನಿಂತರು, ಕೈ ಕಟ್ಟಿಕೊಂಡು. "ಒಳಗ ಬರ್ರಿ ಸಾಹೇಬ್," ಎಂದೆ. "ಬ್ಯಾಡ್ರಿ, ನನ್ನ ಕೈ ಮ್ಯಾಲೆ ನನಗೇ ಭರೋಸಾ ಇಲ್ಲ," ಎಂದರು.

ಟ್ಯಾಂಕು ನಡೆದಷ್ಟು ದಿನ ಯಾರೂ ಜೋರಾಗಿ ಮಾತಾಡಲಿಲ್ಲ. ಮೇಡಂ ನಳಿಗೆ ತುಂಬಿದ ಮುಂಜಾನೆ ನಾವೆಲ್ಲ ಪ್ರಯೋಗಾಲಯದ ಕಿಟಕಿಗೆ ಜೋತುಬಿದ್ದಿದ್ದೆವು. ಅವರು ಕಣ್ಣಿಟ್ಟು ನೋಡಿದರು. ನಳಿಗೆ ತೊಳೆದು, ಮತ್ತೆ ತುಂಬಿ, ಮತ್ತೆ ನೋಡಿದರು. ಖಾಜಾ ಭಾಯಿ ನನ್ನ ಕೈ ಹಿಡಿದುಕೊಂಡ. ಆಮೇಲೆ ಮೇಡಂ ಕುರ್ಚಿಯಿಂದ ಎದ್ದು, "ಮಲ್ಲಣ್ಣ, ನೀವೇ ನೋಡ್ರಿ ಬರ್ರಿ," ಎಂದರು.

ಕಣ್ಣಿಟ್ಟೆ. ಗುಂಡನೆಯ ಬೆಳಕು. ಪಕ್ಕದ ಅಳತೆಯ ಗೆರೆ ನಿಲ್ಲಬೇಕಾದ ಜಾಗದಲ್ಲೇ ನಿಂತಿತ್ತು, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

"ಬಲಗಾಲು," ಎಂದೆ.

ಹೊರಗೆ ಖಾಜಾ ಭಾಯಿ ಹಾಕಿದ ಕೇಕೆ ಜೇವರ್ಗಿ ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಸರಕು ಹೋಯಿತು, ಗಿರಾಕಿ ಉಳಿದ. ಬೀಗದ ಮಾತು ಮತ್ತೆ ಬರಲಿಲ್ಲ. ಅಂಬಲಿ ಬಿದ್ದ ಟ್ಯಾಂಕಿನ ಆಮ್ಲವೂ ಹಾಳಾಗಲಿಲ್ಲ, ತೊಗಲು ಹದ ಮಾಡುವವರು ಒಯ್ದರು. ಅವರಿಗೆ ಯಾವ ಕಾಲಾದರೂ ಸರಿ.

ಆದರೆ ಚರಗ ಬಿಡಲಿಲ್ಲ, ಅದನ್ನೂ ಹೇಳಬೇಕು. ಮರುವರ್ಷ ಎಳ್ಳ ಅಮಾವಾಸ್ಯೆಗೆ ಹೆಪ್ಪಿನ ದಿನ ಬೀಳದಂತೆ ಮೇಡಂ ಮೊದಲೇ ನೋಡಿಕೊಂಡರು. ಕಾಂಪೌಂಡಿನ ಹೊರಗಿನ ಕಬ್ಬಿನ ತುಂಡು ಹೊಲದಲ್ಲಿ ಸಾಹೇಬರೇ ಚರಗ ಚೆಲ್ಲಿ, ಬೇವಿನ ಕೆಳಗೆ ಉಂಡು, ಸ್ನಾನ ಮಾಡಿ ಅಂಗಿ ಬದಲಿಸಿ ಒಳಗೆ ಹೋದರು. ಬೋರ್ಡನ್ನು ಅವರೇ ಬರೆಸಿದರು. ಆದ್ದರಿಂದ ಹೊಸಬರೇ, ಅದನ್ನು ನೋಡಿ ನಗಿರಿ, ಅಡ್ಡಿಯಿಲ್ಲ. ಆದರೆ ಅಳಿಸಬೇಡಿರಿ. ಮೈಲಿಗೆ ಎಂದು ಗೊತ್ತಿರುವುದನ್ನು ಎಲ್ಲರೂ ಹೊರಗಿಡುತ್ತಾರೆ. ಪವಿತ್ರವಾದದ್ದನ್ನೂ ಬಾಗಿಲಲ್ಲಿ ನಿಲ್ಲಿಸಿ ಕೇಳಬೇಕು: ನೀನು ಒಳಗೆ ಬಂದರೆ ನಮ್ಮ ಮಂದಿಗೆ ಒಗ್ಗುತ್ತದೆಯೇ?

ದೇಸಾಯಿ ಸಾಹೇಬರೂ ಈಗ ನಿವೃತ್ತರು. ಈಚಿನ ಎಳ್ಳ ಅಮಾವಾಸ್ಯೆಗೆ ನನ್ನ ಹೊಲಕ್ಕೆ ಕರೆದೆ, ಖಾಜಾ ಭಾಯಿಯನ್ನೂ ಕರೆದೆ. ಬಿಳಿಜೋಳ ಎದೆಮಟ್ಟ ಬಂದು ತೆನೆ ಹಾಲು ತುಂಬಿತ್ತು. ನೀಲಮ್ಮ ಅಂಬಲಿಯ ತಂಬಿಗೆಯನ್ನು ಸಾಹೇಬರ ಕೈಗೆ ಕೊಟ್ಟಳು. ಅವರು ಹಿಡಿದುಕೊಂಡು ಹಾಗೇ ನಿಂತರು. ಬದುವಿನ ಮೇಲೆ ನೋಡಿದರು, ಬೆಳೆಯ ಕಡೆ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು.

"ಇಲ್ಲಿ ಹೆಪ್ಪು ಗಿಪ್ಪು ಏನೂ ಇಲ್ಲಲ್ರಿ?"

"ಚೆಲ್ರಿ ಸಾಹೇಬ್," ಎಂದೆ, "ಮನಸಾರೆ ಚೆಲ್ರಿ. ಈ ಮಣ್ಣು ಎಡಗಾಲು ಬಲಗಾಲು ನೋಡೂದಿಲ್ಲ, ಎರಡೂ ತಿಂತದ."

ಖಾಜಾ ಭಾಯಿ ಮೊದಲು ನಕ್ಕ. ಸಾಹೇಬರು ತಲೆಗೆ ಟವೆಲ್ ಸುತ್ತಿಕೊಂಡು, ಆ ಹಳೆಯ ಎತ್ತರದ ಧ್ವನಿಯಲ್ಲಿ ಕೂಗುತ್ತ ಜೋಳದೊಳಗೆ ನಡೆದರು.